ನೀರಿಗೆ ತಕ್ಕ ಹಲಗೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಹಿರಿಯರ ಮಾತು. ಇದ್ದುದರಲ್ಲಿಯೇ ಹಿತವಾಗಿ ಬಾಳಬೇಕೆಂಬುದು ಅದರ ಇಂಗಿತ. ಆದರೆ ಕಾಲೂರಿ ನಿಲ್ಲುವ ನೆಲೆಯನ್ನೇ ಆರಿಸಿಕೊಳ್ಳುವ ಸಂದರ್ಭ ಒದಗಿದಾಗ ಈ ಗಾದೆಯನ್ನು ತಿರುವಿ ಹೇಳಬೇಕಾಗುತ್ತದೆ: ಕಾಲಿಗೆ ತಕ್ಕ ಹಾಸಿಗೆ ಬೇಕು. ನೀರಿನಲ್ಲಿ ತೇಲುವ ಹಲಗೆಯ ಮೇಲೆ ನಿಂತು, ಉದ್ದನೆಯ ಹುಟ್ಟಿನಿಂದ ಅದನ್ನು ನಡೆಸುವ ಕ್ರೀಡೆಯೊಂದುಂಟು. ಆ ಹಲಗೆಗೆ ‘ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್’ ಎಂದು ಹೆಸರು. ತಿರುವಿದ ಗಾದೆಯ ಸತ್ಯ ಅಲ್ಲಿ ಕಣ್ಣಿಗೆ ಕಟ್ಟುವಂತೆ ತೋರುತ್ತದೆ.

ಈ ಕ್ರೀಡೆಯ ತವರು ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಗಳು. ಅಲ್ಲಿಯ ಜನ ಅಲೆಗಳ ಮೇಲೆ ಹಲಗೆ ಹತ್ತಿ ಸಾಗುವ ವಿದ್ಯೆಯನ್ನು ಶತಮಾನಗಳಿಂದ ಬಲ್ಲವರು. ಹಿಂದೆ ಅವರಲ್ಲಿ ಹಲಗೆಯನ್ನು ಗೊತ್ತುಮಾಡುತ್ತಿದ್ದುದು ಅಂತಸ್ತು. ‘ಓಲೊ’ ಎಂಬ ನೀಳವಾದ ಭಾರದ ಹಲಗೆ ಒಡೆಯರಿಗೆ ಮೀಸಲು. ಅದಕ್ಕಿಂತ ಗಿಡ್ಡವೂ ತೆಳುವೂ ಆದ ‘ಅಲಾಯ’ ಸಾಮಾನ್ಯರಿಗೂ ಸಲ್ಲುತ್ತಿತ್ತು. ಕಾಲ ಬದಲಾಯಿತು. 20ನೆಯ ಶತಮಾನದ ನಡುಭಾಗದಲ್ಲಿ ವೈಕೀಕಿ ಕಡಲತೀರದ ಕೆಲವು ಶಿಕ್ಷಕರು ದೊಡ್ಡ ಹಲಗೆಗಳ ಮೇಲೆ ನೆಟ್ಟಗೆ ನಿಂತು, ದೋಣಿಯ ಹುಟ್ಟನ್ನು ಕೈಯಲ್ಲಿ ಹಿಡಿದರು. ನಿಂತರೆ ದೂರದ ಅಲೆಯೂ ಕಾಣುತ್ತದೆ. ನೀರಿನಲ್ಲಿರುವ ಶಿಷ್ಯರೂ ಕಾಣುತ್ತಾರೆ. ಲೇರ್ಡ್ ಹ್ಯಾಮಿಲ್ಟನ್ ಮೊದಲಾದವರು ಈ ಪದ್ಧತಿಗೆ ಮುಂದೆ ಹೊಸ ಜೀವ ತುಂಬಿದರು. 2000ದ ನಂತರ ಅದು ಲೋಕದ ನಾನಾ ಕಡೆಗೆ ಹಬ್ಬಿತು.

ಇಂದು ಯಾರು ಯಾವ ಹಲಗೆಯನ್ನಾದರೂ ಏರಬಹುದು. ಆದುದರಿಂದಲೇ ಆಯ್ಕೆಯ ಹೊಣೆ ಏರುವವನದೇ ಆಗಿದೆ. ಮೊದಲು ಅವನು ತನ್ನ ತೂಕವನ್ನು ತಿಳಿದಿರಬೇಕು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆಂಬ ಆರ್ಕಿಮಿಡೀಸನ ತತ್ತ್ವ ಇಲ್ಲಿ ನೆರವಿಗೆ ಬರುತ್ತದೆ. ಒಂದು ಲೀಟರು ಸಿಹಿನೀರಿನ ತೂಕ ಸುಮಾರು ಒಂದು ಕಿಲೋಗ್ರಾಂ. 60 ಕಿಲೋ ತೂಕದವನು 10 ಕಿಲೋ ತೂಕದ ಹಲಗೆಯನ್ನು ಏರಿದನೆನ್ನಿ. ಆ ಹಲಗೆಯ ಗಾತ್ರ 100 ಲೀಟರು ಇದ್ದರೆ ಅದು ಮುಳುಗದು. ಆದರೆ ಅದರ ಮುಕ್ಕಾಲು ಭಾಗಕ್ಕೆ ಹತ್ತಿರ ನೀರಿನೊಳಗೇ ಇರುತ್ತದೆ. ತುಸು ಅಲುಗಿದರೂ ಅಂಚು ನೀರಿಗಿಳಿದು ಹಲಗೆ ಹೊಯ್ದಾಡುತ್ತದೆ. ಅದೇ 200 ಲೀಟರಿನ ಹಲಗೆ ಮೇಲೆದ್ದು ತೇಲುತ್ತ ಹೊಸಬನಿಗೆ ಧೈರ್ಯ ಕೊಡುತ್ತದೆ.

ತೇಲುವುದು ಬೇರೆ, ತೂಗಾಡದೆ ನಿಲ್ಲುವುದು ಬೇರೆ. ನಿಲುವನ್ನು ಕೊಡುವುದು ಮುಖ್ಯವಾಗಿ ಅಗಲ. ವೇಗವನ್ನು ಕೊಡುವುದು ಉದ್ದ. ಹತ್ತು ಹನ್ನೊಂದು ಅಡಿ ಉದ್ದ, 32 ಅಂಗುಲದಷ್ಟು ಅಗಲವಿರುವ ಹಲಗೆ ಕಲಿಯುವವರಿಗೆ ಒಪ್ಪುವಂಥದು. ಪಂದ್ಯದ ಹಲಗೆಯ ಮೂತಿ ಚೂಪು. ಉದ್ದ 14 ಅಡಿ, ಅಗಲ 24 ಅಂಗುಲದ ಆಸುಪಾಸು. ಅದು ನೀರನ್ನು ಸೀಳಿಕೊಂಡು ನೇರವಾಗಿ ಓಡುತ್ತದೆ. ಆದರೆ ಅಳ್ಳೆದೆಯನ್ನೂ ಅಳ್ಳಕ ಕಾಲನ್ನೂ ಅದು ಕ್ಷಮಿಸದು. ಅಲೆಯ ಮೇಲೆ ಆಡಲು ಸುಲಭವಾಗಿ ತಿರುಗುವ ಗಿಡ್ಡ ಹಲಗೆ ಬೇಕು. ಮನೆಯಲ್ಲಿ ಸ್ಥಳವಿಲ್ಲದವರಿಗೆ ಗಾಳಿ ತುಂಬುವ ಹಲಗೆಗಳೂ ಉಂಟು. ಒಳಗೆ ಮೇಲುಪದರವನ್ನೂ ಕೆಳಪದರವನ್ನೂ ಸಾವಿರಾರು ನೂಲುಗಳು ಬಿಗಿದಿರುವುದರಿಂದ, ಗಾಳಿ ತುಂಬಿದಾಗ ಅವು ಮರದ ಹಲಗೆಯಂತೆ ಸೆಟೆದು ನಿಲ್ಲುತ್ತವೆ.

ಇವೆಲ್ಲಕ್ಕೂ ಒರೆಗಲ್ಲು ನೀರು. ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ 2004ರಷ್ಟು ಹಿಂದೆಯೇ ಅಲೆಸವಾರಿಯನ್ನು ಕಲಿಸುವ ಸಂಘವೊಂದು ಆರಂಭವಾಯಿತು. ಅಲ್ಲಿಯ ಶಾಂಭವಿ ನದಿ ನಂದಿನಿಯೊಡನೆ ಕೂಡಿ ಸಸಿಹಿತ್ಲು ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೆಡೆ ತೆಂಗಿನ ನೆರಳು ಬಿದ್ದ ಶಾಂತವಾದ ಹಿನ್ನೀರು; ಇನ್ನೊಂದೆಡೆ ಮೊರೆಯುವ ಕಡಲು.

ಇಂತಹ ಅಳಿವೆಗೆ ತರುಣನೊಬ್ಬ ಕಲಿಯಲು ಬಂದನೆನ್ನಿ. ಸಾಲಾಗಿ ಒರಗಿಸಿದ್ದ ಹಲಗೆಗಳಲ್ಲಿ ಅವನ ಕಣ್ಣು ಮಿರುಗುವ ಪಂದ್ಯದ ಹಲಗೆಯ ಮೇಲೆ ನೆಟ್ಟಿತು. “ಮೊದಲು ಅಗಲದ್ದನ್ನು ಹಿಡಿ” ಎಂದ ಶಿಕ್ಷಕರ ಮಾತು ಅವನಿಗೆ ರುಚಿಸಲಿಲ್ಲ. “ನನಗೆ ಈಜು ಬರುತ್ತದೆ ಸರ್” ಎಂದವನೇ ನೀರಿಗಿಳಿದ. ಮುಂಜಾನೆಯ ಹೊತ್ತು. ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತಿತ್ತು. ಇಳಿತದ ನೀರೂ ಅತ್ತಲೇ ಹರಿಯುತ್ತಿತ್ತು. ದಡದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎರಡು ಸಲ ಬಿದ್ದ. ಮೂರನೆಯ ಸಲ ಏಳುವಾಗ ದಡದ ತೆಂಗಿನ ಮರಗಳು ಹಿಂದಕ್ಕೆ ಜಾರುತ್ತಿರುವುದನ್ನು ಕಂಡ. ಹುಟ್ಟು ಹಾಕಿದಷ್ಟೂ ಹಲಗೆ ಅಳಿವೆಯ ಬಾಯಿಯ ಕಡೆಗೇ ಸಾಗಿತು. ಅವನ ಗಂಟಲು ಒಣಗಿತು.

“ಮಂಡಿಯೂರು ಮಾರಾಯ, ಮಂಡಿಯೂರು!” ಎಂಬ ಕೂಗು ಕೇಳಿಸಿತು. ಬಣ್ಣ ಮಾಸಿದ ಅಗಲ ಹಲಗೆಯ ಮೇಲೆ ಶಿಕ್ಷಕರು ಆಗಲೇ ಹೊರಟಿದ್ದರು. ನಿಂತಿದ್ದುದರಿಂದ ಅವರಿಗೆ ಎಲ್ಲವೂ ಕಂಡಿತ್ತು. ತರುಣ ಮಂಡಿಯೂರಿದ. ಮೈಮೇಲೆ ತೇಲುಕವಚವಿತ್ತು; ಸೊಂಟದ ಪಟ್ಟಿಗೆ ಹಲಗೆಯ ಹಗ್ಗವಿತ್ತು. ಅವನು ಹಲಗೆಯನ್ನು ಬಿಟ್ಟಿರಲಿಲ್ಲ. ಹಲಗೆಯೂ ಅವನನ್ನು ಬಿಟ್ಟಿರಲಿಲ್ಲ. ಹರಿಯುವ ನೀರಿನಲ್ಲಿ ಕಾಲಿಗೆ ಹಗ್ಗ ಕಟ್ಟಿದರೆ ಕಂಬಕ್ಕೋ ಕೊರಡಿಗೋ ಸಿಕ್ಕಿ ಪ್ರಾಣಕ್ಕೆ ಕುತ್ತಾಗಬಹುದು. ಆದುದರಿಂದಲೇ ಒಂದೇ ಎಳೆತಕ್ಕೆ ಕಳಚುವ ಸೊಂಟದ ಪಟ್ಟಿ. ಶಿಕ್ಷಕರು ಬಂದು ಅವನ ಹಲಗೆಯನ್ನು ತಮ್ಮದಕ್ಕೆ ಬಿಗಿದು, ಸೆಳವು ಕಡಮೆಯಿದ್ದ ದಡದಂಚನ್ನು ಹಿಡಿದು ಮೆಲ್ಲನೆ ಹಿಂದಕ್ಕೆ ತಂದರು. ಅವರು ಬೈಯಲಿಲ್ಲ. “ನೀನು ಹಲಗೆಯನ್ನು ನೋಡಿದೆ; ನೀರನ್ನು ನೋಡಲಿಲ್ಲ” ಎಂದರು, ಅಷ್ಟೇ.

ಮರುದಿನ ಆ ತರುಣ ಮೊದಲು ದಡದಲ್ಲಿ ನಿಂತು ಗಾಳಿಯ ದಿಕ್ಕನ್ನು ನೋಡಿದ. ತೇಲಿಹೋಗುತ್ತಿದ್ದ ಎಲೆಯೊಂದರಿಂದ ನೀರಿನ ಸೆಳವನ್ನು ಅಳೆದ. ಬಳಿಕ, ಬಣ್ಣ ಮಾಸಿದ ಆ ಅಗಲ ಹಲಗೆಯನ್ನೇ ಕೇಳಿ ಪಡೆದ. ಮಿರುಗುವ ಹಲಗೆ ಕೆಟ್ಟದ್ದೇನೂ ಆಗಿರಲಿಲ್ಲ. ಅವನಿಗಾಗಿ ಅದರ ದಿನ ಇನ್ನೂ ಬಂದಿರಲಿಲ್ಲ. ಒಡೆಯನೆಂದು ನೀರು ಯಾರಿಗೂ ದಾರಿ ಬಿಡದು. ಆಳೆಂದು ಯಾರನ್ನೂ ಮುಳುಗಿಸದು. ತನ್ನ ಅಳವನ್ನೂ ನೀರಿನ ಸ್ವಭಾವವನ್ನೂ ಅರಿತು ನಿಂತವನನ್ನು ಮಾತ್ರ ಅದು ಹೊತ್ತು ನಡೆಸುತ್ತದೆ.