ಕೊಬ್ಬಿನ ಗುಳಿಗೆಯೂ ನಮ್ಮ ನಿಯಮವೂ



ಜ್ವರದ ಗುಳಿಗೆ ನುಂಗಿದರೆ ಜ್ವರ ಇಳಿದದ್ದು ತಿಳಿಯುತ್ತದೆ. ಕೊಲೆಸ್ಟ್ರಾಲ್ ಗುಳಿಗೆ ಹಾಗಲ್ಲ. ನುಂಗಿದರೂ ಏನೂ ತಿಳಿಯದು, ಬಿಟ್ಟರೂ ಏನೂ ತಿಳಿಯದು. ಅದಕ್ಕೇ ನಮ್ಮ ವ್ಯಾಪಾರಸ್ಥರಲ್ಲಿ ಅನೇಕರು ನಾಲ್ಕಾರು ತಿಂಗಳು ತೆಗೆದುಕೊಂಡು ಬಿಟ್ಟುಬಿಡುತ್ತಾರೆ. ಬಿಡಬೇಕೋ ಮುಂದುವರಿಸಬೇಕೋ ಎಂಬ ಪ್ರಶ್ನೆ ನಮಗೂ ಬಂದಿತು. ನಾವು ಮೆಟ್ರಿಕ್ ಓದಿದ ವ್ಯಾಪಾರಿಗಳೇ ಹೊರತು ವೈದ್ಯರಲ್ಲ. ಆದರೂ ನಾವು ಕೇಳಿ, ಓದಿ, ಲೆಕ್ಕ ಹಾಕಿದ್ದು ನಾಲ್ಕು ಮನೆಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಮೊದಲು ನಮ್ಮ ಮನೆಯಲ್ಲಿ ಎದ್ದ ಮಾತು: "ಮೊಟ್ಟೆಯನ್ನೂ ಮುಟ್ಟದವರು ನಾವು, ನಮಗೆಲ್ಲಿಯ ಕೊಲೆಸ್ಟ್ರಾಲ್?" ಆದರೆ ದೇಹದ ಕೊಲೆಸ್ಟ್ರಾಲಿನ ಬಹುಪಾಲು ಹೊರಗಿನಿಂದ ಬರುವುದಲ್ಲ, ನಮ್ಮ ಯಕೃತ್ತೇ ತಯಾರಿಸುವಂಥದು. ತುಪ್ಪ, ಡಾಲ್ಡಾ ಹೆಚ್ಚಾದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ವಂಶದ ಗುಣವೂ ಸೇರುತ್ತದೆ. ಶೇಂಗಾ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ನಿಜ. ಹಾಗೆಂದು ದಿನಾ ಮಿರ್ಚಿ ಬಜ್ಜಿ ತಿಂದು, ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕುಳಿತರೆ ಶಾಕಾಹಾರವೊಂದೇ ಹೃದಯವನ್ನು ಕಾಯಲಾರದು.

ನಮ್ಮ ಅಣ್ಣನವರು 58ನೇ ವಯಸ್ಸಿನಲ್ಲಿ ಎದೆನೋವಿನಿಂದ ತೀರಿಕೊಂಡರು. ಹೊಳಗುಂದದಿಂದ ಆದವಾನಿಗೆ ಹೋಗುವ ದಾರಿಯಲ್ಲೇ ಪ್ರಾಣ ಹೋಯಿತು. ದೊಡ್ಡ ಆಸ್ಪತ್ರೆ ಬೇಕೆಂದರೆ ಕರ್ನೂಲಿಗೋ ಬಳ್ಳಾರಿಗೋ ಓಡಬೇಕಾದ ನಮ್ಮಂಥ ಊರಿನವರಿಗೆ ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಬಾರದಂತೆ ತಡೆಯುವುದೇ ಹೆಚ್ಚು ಮುಖ್ಯ.

ಹೀಗಿದ್ದೂ ನಮಗೆ ಮೂರು ಅಡಚಣೆಗಳಿದ್ದವು.

ಒಂದನೆಯದು ನಿಯಮದ್ದು. ಡಾಕ್ಟರರ ಚೀಟಿಯಲ್ಲಿ "ರಾತ್ರಿ ಊಟದ ನಂತರ" ಎಂದಿತ್ತು. ನಮಗೆ ಸೂರ್ಯಾಸ್ತದ ಮೇಲೆ ನೀರೂ ಇಲ್ಲ. ವಿಚಾರಿಸಿದಾಗ ತಿಳಿದದ್ದು ಇದು: ಯಕೃತ್ತು ಕೊಲೆಸ್ಟ್ರಾಲ್ ತಯಾರಿಸುವುದು ರಾತ್ರಿಯಲ್ಲಿ ಹೆಚ್ಚು. ಸಿಮ್ವಾಸ್ಟಾಟಿನ್‌ನಂಥ ಹಳೆಯ ಗುಳಿಗೆಗಳ ಶಕ್ತಿ ಕೆಲವೇ ಗಂಟೆ ನಿಲ್ಲುವುದರಿಂದ ರಾತ್ರಿ ಕೊಡುವ ಪದ್ಧತಿ ಬಂತು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ದೇಹದಲ್ಲಿ ಹೆಚ್ಚು ಹೊತ್ತು ಇರುತ್ತವೆ, ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು. ನಮ್ಮ ನಿಯಮ ಹೇಳಿದೊಡನೆ ಡಾಕ್ಟರರು ಬೆಳಿಗ್ಗೆ ಎಂದು ತಿದ್ದಿ ಬರೆದರು.

ಎರಡನೆಯದು ಅಹಿಂಸೆಯದು. ಕ್ಯಾಪ್ಸೂಲಿನ ಹೊದಿಕೆಯ ಜೆಲಾಟಿನ್ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ಆಸ್ಪಿರಿನ್ ಸೇರಿದ ಕೊಲೆಸ್ಟ್ರಾಲ್ ಔಷಧಿ ಅನೇಕ ವೇಳೆ ಕ್ಯಾಪ್ಸೂಲಿನಲ್ಲೇ ಇರುತ್ತದೆ. ಗುಳಿಗೆಯ ರೂಪದಲ್ಲಿ ಬರೆದುಕೊಡಿರೆಂದು ಕೇಳಬಹುದು. ಇನ್ನು ಈ ಔಷಧಿಯ ಮೂಲವೇ ಬೂಷ್ಟು. ಜಪಾನಿನ ಅಕಿರಾ ಎಂಡೊ ಅವರು 1973ರಲ್ಲಿ ಮೊದಲ ಸ್ಟಾಟಿನ್ನನ್ನು ಬೂಷ್ಟಿನಿಂದಲೇ ಕಂಡುಹಿಡಿದರು. ಆದರೆ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಎರಡೂ ರಾಸಾಯನಿಕ ಕ್ರಿಯೆಯಿಂದ ತಯಾರಾಗುವಂಥವು.

ಮೂರನೆಯದು ಕಾಲುನೋವು. ಗುಳಿಗೆಯಿಂದಲೇ ಎಂದು ಎಲ್ಲರೂ ಹೇಳಿದರು. ಇಂಗ್ಲೆಂಡಿನಲ್ಲಿ ಇಂಥ ತೊಂದರೆಗಳಿಂದ ಗುಳಿಗೆ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ನಿಜ ಗುಳಿಗೆ, ಕೆಲವು ತಿಂಗಳು ಔಷಧಿಯಿಲ್ಲದ ಹುಸಿ ಗುಳಿಗೆ, ಕೆಲವು ತಿಂಗಳು ಏನೂ ಇಲ್ಲದೆ ನೋಡಿದರು. 2020ರಲ್ಲಿ ಫಲ ಪ್ರಕಟವಾಯಿತು. ನಿಜ ಗುಳಿಗೆಯಲ್ಲಿ ಕಂಡ ತೊಂದರೆಯ ಶೇಕಡಾ 90ರಷ್ಟು ಹುಸಿ ಗುಳಿಗೆಯಲ್ಲೂ ಕಂಡಿತ್ತು! ಹಾಗೆಂದು ಎಲ್ಲ ನೋವೂ ಮನಸ್ಸಿನದಲ್ಲ. ಸ್ನಾಯುಗಳು ವಿಪರೀತ ನೋಯ್ದು ಮೂತ್ರ ಕಪ್ಪಾದರೆ ತಡಮಾಡದೆ ಡಾಕ್ಟರರ ಬಳಿ ಹೋಗಬೇಕು. ಕೆಲವರಿಗೆ ಸಕ್ಕರೆ ಸ್ವಲ್ಪ ಏರುವುದೂ ಉಂಟು.

ಇನ್ನು ಲಾಭದ ಲೆಕ್ಕ. ಹೃದಯರೋಗವಿದ್ದ 4,444 ಜನರನ್ನು ಐದು ವರ್ಷಕ್ಕೂ ಮಿಕ್ಕಿ ಗಮನಿಸಿ 1994ರಲ್ಲಿ ಯುರೋಪಿನ ಉತ್ತರ ದೇಶಗಳವರು ಪ್ರಕಟಿಸಿದ ಪ್ರಕಾರ, ಗುಳಿಗೆ ಇಲ್ಲದವರಲ್ಲಿ 100ಕ್ಕೆ 12 ಮಂದಿ, ಇದ್ದವರಲ್ಲಿ 8 ಮಂದಿ ತೀರಿಕೊಂಡರು. ಹೃದಯರೋಗ ಇಲ್ಲದ, ಆದರೆ ಅಪಾಯ ಸ್ವಲ್ಪ ಇದ್ದ 12,705 ಜನರ ಮೇಲೆ 21 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು, ಅವುಗಳಂಥ ಕಾರಣದ ಮರಣ ಸೇರಿ ಶೇಕಡಾ 4.8 ಇದ್ದದ್ದು 3.7ಕ್ಕೆ ಇಳಿಯಿತು. ಅಂದರೆ ನೂರಕ್ಕೆ ಒಬ್ಬರು ಉಳಿದಂತೆ. ಒಬ್ಬನಿಗೆ ಇದು ಸಣ್ಣ ಲಾಭವೇ. ಆದರೆ ಆ ಒಬ್ಬನ ಮನೆಯವರಿಗೆ ಅದು ಸಣ್ಣದಲ್ಲ. ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುವವರಿಲ್ಲದ ಮನೆಯನ್ನು ನಾವು ಕಂಡಿದ್ದೇವೆ.

"ದೇಹದ ಮೇಲೆ ಇಷ್ಟೇಕೆ ಮೋಹ?" ಎಂದು ಹಿರಿಯರೊಬ್ಬರು ಕೇಳಿದರು. ನಮ್ಮ ಧರ್ಮ ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ದಾನವೆಂದು ಎಣಿಸಿದೆ. ಒಂಬತ್ತನೇ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಮಾಂಸ, ಮದ್ಯ, ಜೇನುಗಳಿಲ್ಲದ ವೈದ್ಯಕ್ಕೆಂದೇ 'ಕಲ್ಯಾಣಕಾರಕ' ರಚಿಸಿದರು. ಸಮಂತಭದ್ರಾಚಾರ್ಯರು ಸಲ್ಲೇಖನವನ್ನು ಹೇಳಿದ್ದೂ ಪ್ರತೀಕಾರವಿಲ್ಲದ ರೋಗ, ಮುಪ್ಪುಗಳಿಗೆ. ಪ್ರತೀಕಾರ ಇರುವಾಗ ಅದನ್ನು ಮಾಡಿಕೊಂಡು ಧರ್ಮಸಾಧನೆಗೆ ದೇಹವನ್ನು ಉಳಿಸಿಕೊಳ್ಳುವುದು ಶ್ರಾವಕರಿಗೆ ತಕ್ಕದ್ದೇ.

ಆದ್ದರಿಂದ ನಾವು ಗುಳಿಗೆಯನ್ನು ಮುಂದುವರಿಸಿದ್ದೇವೆ. ಸೂರ್ಯೋದಯವಾದ ಮೇಲೆ ಉಪಾಹಾರದ ಜೊತೆಗೆ ಒಂದು. ಚತುರ್ದಶಿಯ ಉಪವಾಸದಂದು ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲವೆಂದು ಡಾಕ್ಟರರು ನಮಗೆ ಹೇಳಿದ್ದಾರೆ. ಸಕ್ಕರೆ ರೋಗದವರು, ದಶಲಕ್ಷಣ ಪರ್ವದಲ್ಲಿ ಸಾಲು ಉಪವಾಸ ಮಾಡುವವರು ಮುಂಚಿತವಾಗಿ ಕೇಳಿಕೊಳ್ಳಬೇಕು. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಎಂದೂ ಬಿಡಬಾರದು. ಗುಳಿಗೆ ಇದೆಯೆಂದು ತುಪ್ಪ ಸುರಿದುಕೊಳ್ಳುವುದೂ ಸಲ್ಲದು. ಜೋಳದ ರೊಟ್ಟಿ, ಕಾಳುಪಲ್ಯ, ಬೆಳಗಿನ ನಡಿಗೆ ಇವೂ ಔಷಧಿಯೇ.

ನಿಯಮವಿದ್ದವರು ಔಷಧಿ ಬಿಡುವ ಮೊದಲು ಆ ನಿಯಮವನ್ನು ಡಾಕ್ಟರರ ಮುಂದೆ ಬಾಯಿಬಿಟ್ಟು ಹೇಳಿರಿ. ಎರಡೂ ಉಳಿಯುವ ದಾರಿ ಬಹುಮಟ್ಟಿಗೆ ಸಿಗುತ್ತದೆ.

ಜೈ ಜಿನೇಂದ್ರ.