ಕಾರ್ತಿಕ ಹತ್ತು

ನಮ್ಮ ತಂಗಿಯ ಮಗನು ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವನು. ಇಂಗ್ಲಿಷಿನಲ್ಲಿ ರಚಿತವಾದ ತಂತ್ರಾಂಶವನ್ನು ಬೇರೆ ಬೇರೆ ನಾಡಿನವರ ನುಡಿಗೂ ರೂಢಿಗೂ ಒಗ್ಗುವಂತೆ ಅಣಿಮಾಡುವುದು ಅವನ ಪಾಲಿನ ಕೆಲಸ. ೨೦೨೩ರ ಬೇಸಗೆಯಲ್ಲಿ ಅವನು ನಮ್ಮ ಮನೆಗೆ ಬಂದಿದ್ದಾಗ ಒಂದು ಹಾಳೆಯನ್ನು ಮುಂದಿಟ್ಟು, “ಮಾವ, ಈ ಹನ್ನೆರಡು ತಿಂಗಳ ಹೆಸರುಗಳನ್ನು ಸ್ವಲ್ಪ ನೋಡಿಕೊಡಿ, ತಪ್ಪಿರಬಾರದು” ಎಂದನು. ಮೂವತ್ತು ವರ್ಷ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟವರಿಗೆ ಇದಕ್ಕಿಂತ ಪ್ರಿಯವಾದ ಕೆಲಸವುಂಟೆ? ‘ಜ್ಯೇಷ್ಟ’ಕ್ಕೆ ಮಹಾಪ್ರಾಣವನ್ನು ಕೊಟ್ಟೆವು, ‘ಆಶಾಢ’ವನ್ನು ‘ಆಷಾಢ’ವಾಗಿ ತಿದ್ದಿದೆವು, ‘ಫಾಲ್ಗುಣ’ವೋ ‘ಫಾಲ್ಗುನ’ವೋ ಎಂಬುದರ ಮೇಲೆ ಅರ್ಧ ಗಂಟೆ ವ್ಯಾಖ್ಯಾನವನ್ನೂ ಮಾಡಿದೆವು. ಹುಡುಗನು ತಾಳ್ಮೆಯಿಂದ ಕೇಳಿದನು. ಆದರೆ ನಾವು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ: ಈ ತಿಂಗಳುಗಳು ಯಾವ ಗಣನೆಯವು?

ನಮ್ಮ ತಮ್ಮನು ಕ್ಯಾಲಿಫೋರ್ನಿಯದಲ್ಲಿ ನೆಲೆಸಿ ಇಪ್ಪತ್ತು ವರ್ಷಗಳಾದುವು. ನಮ್ಮ ತಾಯಿಯವರ ಶ್ರಾದ್ಧವು ಕಾರ್ತಿಕ ಶುದ್ಧ ದಶಮಿಯಂದು. ಪ್ರತಿವರ್ಷವೂ ನಾವು ಪಂಚಾಂಗವನ್ನು ನೋಡಿ ಅವನಿಗೆ ತಾರೀಖನ್ನು ತಿಳಿಸುತ್ತಿದ್ದೆವು. ಅವನು ಪುಸ್ತಕವನ್ನಿಟ್ಟುಕೊಂಡು ತಾನೇ ಕರ್ಮವನ್ನು ನಡೆಸುತ್ತಿದ್ದನು. ಆ ವರ್ಷ ನಾವು ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದುದರಿಂದ ತಿಳಿಸುವುದು ತಡವಾಯಿತು. ನವೆಂಬರ್ ೨ರ ಬೆಳಗ್ಗೆ ಅವನೇ ಫೋನು ಮಾಡಿದನು. “ಅಣ್ಣ, ಅಮ್ಮನ ಕಾರ್ಯ ಸಾಂಗವಾಗಿ ಆಯಿತು. ಈ ಸಲ ನಿನಗೆ ತೊಂದರೆ ಕೊಡಲಿಲ್ಲ. ಈಗ ಫೋನಿನಲ್ಲೇ ನಮ್ಮ ತಿಂಗಳು ಬರುತ್ತದಲ್ಲ, ನೀನೇ ತಿದ್ದಿಕೊಟ್ಟೆಯಂತೆ! ಇವತ್ತು ಕಾರ್ತಿಕ ಹತ್ತು ಎಂದು ತೋರಿಸಿತು” ಎಂದನು.

ನಮಗೆ ಮಾತು ಹೊರಡಲಿಲ್ಲ. ದೀಪಾವಳಿಯೇ ಇನ್ನೂ ಬಂದಿರಲಿಲ್ಲ, ಕಾರ್ತಿಕವೆಲ್ಲಿಂದ ಬಂದಿತು? ಅವನು ಶ್ರಾದ್ಧ ಮಾಡಿದ ನವೆಂಬರ್ ೧ನೆಯ ದಿನ ನಮ್ಮ ಪಂಚಾಂಗದಲ್ಲಿ ಆಶ್ವಯುಜ ಬಹುಳ ಚೌತಿ. ದಶಮಿಯು ಬರಬೇಕಾದುದು ನವೆಂಬರ್ ೨೨ಕ್ಕೆ. ಸುಮ್ಮನಿದ್ದುಬಿಟ್ಟರೆ ಅವನ ನೆಮ್ಮದಿಯು ಉಳಿಯುತ್ತಿತ್ತು. ಆದರೆ ತಾಯಿಯ ಕಾರ್ಯವಲ್ಲವೆ? ತಡವರಿಸುತ್ತಲೇ ಹೇಳಿದೆವು. ಅವನು ಕೆಲವು ಕ್ಷಣ ಸುಮ್ಮನಿದ್ದು, “ಹಾಗಾದರೆ ಮತ್ತೆ ಮಾಡುತ್ತೇನೆ. ಈ ಸಲ ಇಲ್ಲಿಯ ದೇವಸ್ಥಾನದ ಪುರೋಹಿತರನ್ನು ಗೊತ್ತುಮಾಡುತ್ತೇನೆ” ಎಂದನು.

ಸೋದರಳಿಯನನ್ನು ಕರೆಯಿಸಿದೆವು. ಸಿಟ್ಟು ನಮಗಿದ್ದುದು ನಿಜ. ಅವನ ವಿವರಣೆಯನ್ನು ಕೇಳಿದ ಮೇಲೆ ಅದು ನಮ್ಮ ಕಡೆಗೇ ತಿರುಗಿತು. ತಂತ್ರಾಂಶದಲ್ಲಿ ‘ಭಾರತೀಯ’ ಎಂಬ ಹೆಸರಿನಿಂದಿದ್ದುದು ಸರ್ಕಾರದ ರಾಷ್ಟ್ರೀಯ ಪಂಚಾಂಗ. ದೇಶದಲ್ಲಿ ಮೂವತ್ತರಷ್ಟು ಪಂಚಾಂಗಗಳು ಬಳಕೆಯಲ್ಲಿದ್ದ ಕಾಲದಲ್ಲಿ, ೧೯೫೨ರಲ್ಲಿ, ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಯಿತು. ೧೯೫೫ರಲ್ಲಿ ಅದರ ವರದಿಯು ಬಂದಿತು. ೧೯೫೭ರ ಮಾರ್ಚ್ ೨೨ರಿಂದ ಈ ಪಂಚಾಂಗವು ಜಾರಿಗೆ ಬಂದಿತು. ಇದು ಶುದ್ಧ ಸೌರಗಣನೆ. ಇದಕ್ಕೆ ಚಂದ್ರನ ಗೊಡವೆಯಿಲ್ಲ. ಹುಣ್ಣಿಮೆಯಿರಲಿ ಅಮಾವಾಸ್ಯೆಯಿರಲಿ, ಅಕ್ಟೋಬರ್ ೨೩ಕ್ಕೆ ಕಾರ್ತಿಕ ಒಂದು. ಆ ಲೆಕ್ಕದಿಂದ ನವೆಂಬರ್ ೧ ಕಾರ್ತಿಕ ಹತ್ತೇ ಸರಿ. ಶಕವರ್ಷವೂ ಎರಡರಲ್ಲಿಯೂ ೧೯೪೫. ಹೆಸರೂ ಒಂದು, ವರ್ಷವೂ ಒಂದು. ದಿನ ಮಾತ್ರ ಬೇರೆ. ಆ ವರ್ಷವಂತೂ ಜುಲೈ ೧೮ರಿಂದ ಆಗಸ್ಟ್ ೧೬ರವರೆಗೆ ಅಧಿಕ ಶ್ರಾವಣವು ಬಿದ್ದುದರಿಂದ ಚಾಂದ್ರಮಾಸಗಳೆಲ್ಲ ಹಿಂದಕ್ಕೆ ಸರಿದು ಅಂತರವು ಮತ್ತಷ್ಟು ಬೆಳೆದಿತ್ತು. ಉತ್ತರದೇಶದವರಿಗಾದರೋ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಅವರು ಅದೇ ನವೆಂಬರ್ ೧ನ್ನು ಕಾರ್ತಿಕ ಕೃಷ್ಣ ಚತುರ್ಥಿ ಎಂದೆನ್ನುವರು. ಒಂದು ದಿನಕ್ಕೆ ಮೂರು ಹೆಸರಾಯಿತು. ನಮ್ಮ ತುಳುನಾಡಿನವರು ಜಾಣರು. ತಮ್ಮ ಸೌರಮಾಸಗಳಿಗೆ ಪಗ್ಗು, ಆಟಿ, ಸೋಣ ಎಂದು ಬೇರೆ ಹೆಸರುಗಳನ್ನೇ ಇಟ್ಟುಕೊಂಡಿರುವರು.

ಯಂತ್ರವು ದಿನವನ್ನು ಹೇಗೆ ಬಲ್ಲದು ಎಂದು ಕೇಳಿದೆವು. ಅದಕ್ಕೆ ತಿಂಗಳೂ ಇಲ್ಲ, ವಾರವೂ ಇಲ್ಲವಂತೆ. ಯಾವುದೋ ಒಂದು ನಿಯತದಿನದಿಂದ ಎಷ್ಟು ಕಾಲ ಕಳೆಯಿತೆಂಬ ಎಣಿಕೆಯೊಂದೇ. ಅನೇಕ ಯಂತ್ರಗಳಲ್ಲಿ ಆ ದಿನವು ೧೯೭೦ರ ಜನವರಿ ೧. ನಮ್ಮ ತಮ್ಮನು ಶ್ರಾದ್ಧ ಮಾಡಿದ ದಿನವು ಅಲ್ಲಿಂದ ೧೯,೬೬೨ ದಿನಗಳು ಕಳೆದ ಮೇಲೆ ಬಂದುದು. ಈ ಒಂದೇ ಸಂಖ್ಯೆಯನ್ನು ಒಬ್ಬೊಬ್ಬರಿಗೆ ಅವರವರ ಪಂಚಾಂಗದಂತೆ ಓದಿಹೇಳುವುದಷ್ಟೇ ತಂತ್ರಾಂಶದ ಕೆಲಸ. ಇದನ್ನು ಕೇಳಿ ನಮಗೆ ದುಃಖದ ನಡುವೆಯೂ ಸಂತೋಷವಾಯಿತು. ಇದು ನಮ್ಮ ಸಿದ್ಧಾಂತಿಗಳ ಅಹರ್ಗಣವಲ್ಲದೆ ಮತ್ತೇನು? ಅವರು ಕಲಿಯುಗದ ಆದಿಯಿಂದ ಎಣಿಸಿದರು, ಇವರು ಮೊನ್ನೆಯಿಂದ ಎಣಿಸುತ್ತಾರೆ.

ಥಾಯ್ ಜನರಿಗೆ ೨೦೨೩ನ್ನು ೨೫೬೬ ಎಂದು ತೋರಿಸಬೇಕು. ಅದು ಬರಿಯ ಕೂಡುವ ಲೆಕ್ಕ. ಇಥಿಯೋಪಿಯದವರಿಗೆ ಹದಿಮೂರು ತಿಂಗಳು. ಜಪಾನಿನಲ್ಲಿ ಹೊಸ ಚಕ್ರವರ್ತಿಯ ಶಕೆಯು ೨೦೧೯ರ ಮೇ ೧ಕ್ಕೆ ಆರಂಭವಾಗುವಲ್ಲಿ ಅದರ ಹೆಸರು ಹೊರಬಿದ್ದುದು ಏಪ್ರಿಲ್ ೧ಕ್ಕೆ. ಒಂದೇ ತಿಂಗಳಲ್ಲಿ ಎಲ್ಲವನ್ನೂ ತಿದ್ದಬೇಕಾಯಿತು. “ಇವೆಲ್ಲ ಸುಲಭ ಮಾವ. ನಿಮ್ಮ ತಿಥಿಯೇ ಕಷ್ಟ” ಎಂದು ಹುಡುಗನೆಂದನು. ಅದು ನಿಜ. ಸೂರ್ಯಚಂದ್ರರ ಅಂತರವು ಹನ್ನೆರಡು ಅಂಶ ಬೆಳೆದರೆ ಒಂದು ತಿಥಿ. ಅದು ಹಗಲಿಗೂ ಮುಗಿದೀತು, ನಡುರಾತ್ರಿಗೂ ಮುಗಿದೀತು. ದಿನಕ್ಕೆ ಹೆಸರು ಕೊಡುವಲ್ಲಿ ಸೂರ್ಯೋದಯದ ತಿಥಿಯನ್ನು ಹಿಡಿಯುವರು. ಸೂರ್ಯೋದಯವೋ ಊರಿನಿಂದ ಊರಿಗೆ ಬೇರೆ. ಲೆಕ್ಕವು ಸೂರ್ಯಸಿದ್ಧಾಂತದ್ದೋ ದೃಗ್ಗಣಿತದ್ದೋ ಎಂಬುದನ್ನು ಮನೆತನವು ಹೇಳಬೇಕು. ಶ್ರಾದ್ಧಕ್ಕಂತೂ ಉದಯತಿಥಿಯು ಪ್ರಮಾಣವೇ ಅಲ್ಲ. ಹಗಲನ್ನು ಐದು ಭಾಗ ಮಾಡಿ, ನಾಲ್ಕನೆಯದಾದ ಅಪರಾಹ್ಣದಲ್ಲಿ ಯಾವ ತಿಥಿಯಿರುವುದೋ ಅದನ್ನು ಹಿಡಿಯಬೇಕು. ಇಷ್ಟನ್ನೆಲ್ಲ ಹುಡುಗನಿಗೆ ಗುರುಪೀಠದಿಂದಲೇ ಹೇಳಿದೆವು. ಅವನು ಬರೆದುಕೊಂಡನು.

ನವೆಂಬರ್ ಎರಡನೆಯ ವಾರದಲ್ಲಿ ತಮ್ಮನ ಫೋನು ಮತ್ತೆ ಬಂದಿತು. “ಅಣ್ಣ, ಇಲ್ಲಿಯ ಪುರೋಹಿತರು ೨೨ ಅಲ್ಲ, ೨೧ ಎನ್ನುತ್ತಾರಲ್ಲ!” ನಾವು, ಪರದೇಶದ ಪುರೋಹಿತರಿಗೇನು ಗೊತ್ತು ಎಂಬ ಭಾವದಿಂದಲೇ ಪಂಚಾಂಗವನ್ನು ತೆರೆದೆವು. ದಶಮಿಯು ೨೨ರ ರಾತ್ರಿ ಹನ್ನೊಂದು ಗಂಟೆಯ ಸುಮಾರಿಗೆ ಮುಗಿಯುತ್ತಿತ್ತು. ಕ್ಯಾಲಿಫೋರ್ನಿಯವು ಆ ಕಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಎಂದರೆ ಅಲ್ಲಿ ೨೨ರ ಬೆಳಗ್ಗೆ ಒಂಬತ್ತೂವರೆಗೇ ದಶಮಿಯು ತೀರಿ, ಅಪರಾಹ್ಣಕ್ಕೆ ಏಕಾದಶಿಯು ಬಂದುಬಿಟ್ಟಿರುವುದು. ದಶಮಿಯು ಅಪರಾಹ್ಣವ್ಯಾಪಿನಿಯಾಗಿರುವುದು ಅಲ್ಲಿ ೨೧ರಂದೇ. ಪುರೋಹಿತರ ಮಾತು ಸರಿ. ಯಂತ್ರವು ಇಪ್ಪತ್ತು ದಿನ ತಪ್ಪಿಸಿತು. ಅದನ್ನು ತಿದ್ದಹೊರಟ ನಾವು ಒಂದು ದಿನ ತಪ್ಪಿಸುವುದರಲ್ಲಿದ್ದೆವು. ಹಿಂದೆ ಇಪ್ಪತ್ತು ವರ್ಷ ಇಲ್ಲಿಯ ತಾರೀಖನ್ನೇ ಅವನಿಗೆ ಹೇಳುತ್ತ ಬಂದೆವಲ್ಲ, ಅವುಗಳಲ್ಲಿ ಎಷ್ಟು ತಪ್ಪಿದುವೋ ಲೆಕ್ಕ ಹಾಕುವ ಧೈರ್ಯವು ನಮಗಾಗಲಿಲ್ಲ. ಅವನು ಕೇಳಲೂ ಇಲ್ಲ.

ಅವನು ೨೧ಕ್ಕೆ ಮಾಡಿದನು, ನಾವು ೨೨ಕ್ಕೆ ಮಾಡಿದೆವು.

ಸೋದರಳಿಯನು ತನ್ನ ಮೇಲಿನವರಿಗೆ ಬರೆದು, ‘ಭಾರತೀಯ’ ಎಂದಿದ್ದುದನ್ನು ‘ರಾಷ್ಟ್ರೀಯ ಸೌರ ಪಂಚಾಂಗ’ ಎಂದು ಮಾಡಿಸಿರುವನು. ತಿಥಿಗೆ ಇದನ್ನು ಹಿಡಿಯಬಾರದೆಂಬ ಒಂದು ಸಾಲನ್ನೂ ಸೇರಿಸಬೇಕೆಂದು ನಾವು ಬರೆದುಕೊಟ್ಟಿದ್ದೆವು; ಪರದೆಯಲ್ಲಿ ಅಷ್ಟು ಸ್ಥಳವಿಲ್ಲವೆಂದರಂತೆ. ಈಗ ದೀಪಾವಳಿಯು ಕಳೆಯುತ್ತಲೇ ತಮ್ಮನು ಫೋನು ಮಾಡಿ, “ಅಣ್ಣ, ನಿಮ್ಮಲ್ಲಿ ಯಾವತ್ತು?” ಎಂದು ಕೇಳುವನು. ನಾವು ನಮ್ಮ ದಿನವನ್ನು ಹೇಳಿ, “ನಿಮ್ಮಲ್ಲಿ ಯಾವತ್ತಪ್ಪ?” ಎಂದು ಕೇಳುವೆವು.