ಹಳ್ಳದಲ್ಲಿ ಸಿಕ್ಕ ಸಲಾಕೆ

ಹಳ್ಳಿಯಲ್ಲಿ ಕಬ್ಬಿಣಕ್ಕೆ ಸುಲಭವಾಗಿ ಸಾವಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿ ಕುಲುಮೆಗೆ ಹೋಗಿ ಮಚ್ಚಾಗುತ್ತದೆ. ಚಕ್ರದ ಹಳೆಯ ಡಿಸ್ಕು ಶಾಲೆಯ ಜಗಲಿಯಲ್ಲಿ ನೇತಾಡಿ ಗಂಟೆಯಾಗುತ್ತದೆ. ಅಂಥ ಗಂಟೆಯ ಲೆಕ್ಕದಲ್ಲೇ ಎಷ್ಟೋ ವರ್ಷ ಪಾಠ ಮಾಡಿದವಳು ನಾನು. ಆದರೂ ವಾಹನದ ಬಿಡಿಭಾಗವೊಂದು ತನ್ನ ಹೆಸರು ಹೇಳದೆ ಕುದೇರಿನಲ್ಲಿ ಎರಡು ವಾರ ನಮ್ಮನ್ನೆಲ್ಲ ಆಟವಾಡಿಸಿತು.

ಕೆಟ್ಟುಹೋದ ಲೌಡ್‌ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ, ಒಣಗಿದ ಹಳ್ಳದ ಮರಳಿನಲ್ಲಿ ಎಳೆದಾಡುವುದು ನಮ್ಮ ಹುಡುಗರ ಆಟ. ಕಪ್ಪು ಪುಡಿ, ಎತ್ತಿನ ಲಾಳದ ಮೊಳೆ, ಸೋಡಾ ಬಾಟಲಿಯ ಮುಚ್ಚಳ ಅಂಟಿಕೊಂಡು ಬರುತ್ತವೆ. ಒಂದು ಮಾರ್ಚ್ ತಿಂಗಳಲ್ಲಿ ಅಯಸ್ಕಾಂತ ನೆಲ ಕಚ್ಚಿಕೊಂಡು ಮೇಲೇಳಲೇ ಇಲ್ಲ. ಮಕ್ಕಳು ಬಗೆದು ತೆಗೆದದ್ದು ಎರಡು ಕಡೆ ಬಗ್ಗಿದ, ತುಕ್ಕು ಹಿಡಿದ ಉದ್ದನೆಯ ಸಲಾಕೆ. ಏಳನೇ ತರಗತಿಯ ಹುಡುಗನೊಬ್ಬ ಅದನ್ನು ಹೆಗಲ ಮೇಲಿಟ್ಟುಕೊಂಡು ಶಾಲೆಗೆ ತಂದ.

ಊರಿನಲ್ಲಿ ಮೊದಲು ಹುಟ್ಟಿದ ಮಾತು ನಿಧಿಯದು. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು ಸರ್ಕಾರ 1878ರಲ್ಲೇ ಕಾಯಿದೆ ಮಾಡಿತ್ತು. ನಿಧಿಯ ಆಸೆ ಆ ಕಾಯಿದೆಗಿಂತಲೂ ಹಳೆಯದು. ನಾನು ಬಿ.ಎ., ಬಿ.ಎಡ್. ಓದಿದವಳು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಅಯಸ್ಕಾಂತಕ್ಕೆ ಅಂಟಿದ್ದು ಚಿನ್ನವಲ್ಲ ಎಂದು ಹೇಳುವಷ್ಟು ತಿಳಿದಿತ್ತು. ಆಮೇಲೆ ಒಬ್ಬರು ಕಬ್ಬಿನ ಗಾಣದ ಹಿಡಿ ಎಂದರು, ಇನ್ನೊಬ್ಬರು ಬೋರ್‌ವೆಲ್ಲಿನವರ ಸಾಮಾನು ಎಂದರು. ಗುಜರಿಯವನು ಮಾತ್ರ ಹೆಸರು ಕೇಳಲಿಲ್ಲ, ತೂಕ ಕೇಳಿದ.

ಹುಡುಗನ ತಾತನನ್ನು ಯಾರೂ ಕೇಳಿರಲಿಲ್ಲ. ಬಲಗೈ ಮಣಿಕಟ್ಟು ಸೊಟ್ಟಗಾಗಿದ್ದ ಆತನಿಗೆ ಊರಲ್ಲಿ ‘ಸೊಟ್ಟಗೈ’ ಎಂದೇ ಹೆಸರು. ಕುಡಿದು ಬಿದ್ದದ್ದು ಎಂದು ಜನ ಆಡಿಕೊಳ್ಳುತ್ತಿದ್ದರು. ಮೊಮ್ಮಗ ಪೋಷಕರ ಸಭೆಗೆ ತಾತನನ್ನು ಕರೆತರುತ್ತಿರಲಿಲ್ಲ. ಅವತ್ತು ಮಾತ್ರ ಆತ ತಾನಾಗಿಯೇ ಶಾಲೆಗೆ ಬಂದು, ಸಲಾಕೆಯ ತುದಿಯ ಅಡ್ಡ ಪಿನ್ನನ್ನು ಬೆರಳಿಂದ ಸವರಿ, “ಇದು ಗಾಡಿ ತಿರ್ಗ್ಸ ಹ್ಯಾಂಡ್ಲು ಕನವ್ವ. ಜೀಪಿಂದು” ಎಂದ.

ಜೀಪು ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಗಾಡಿ. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರದವರು ಅದನ್ನು ಇಲ್ಲಿ ಜೋಡಿಸತೊಡಗಿದರು. ಗುಂಡಿ ಒತ್ತಿ ಎಂಜಿನ್ ಎಬ್ಬಿಸುವ ಸೆಲ್ಫ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲೇ ಬಂದಿತ್ತು, ಜೀಪಿಗೂ ಇತ್ತು. ಆದರೆ ಬ್ಯಾಟರಿ ಕೂತುಹೋದರೆ ಈ ಹ್ಯಾಂಡಲ್ಲೇ ಗತಿ. ಎಂಜಿನ್ ಹತ್ತಿಕೊಂಡಾಗ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ. ಆದ್ದರಿಂದ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಒತ್ತಿ ಹಿಡಿದರೆ ಮೂಳೆ ಮುರಿಯುವುದೇ.

“ಹೆರ್ಗ ನೋವ್ನವಳ ಕೂರುಸ್ಕಂಡಿದ್ದಿ, ಆತುರ. ಒದ್ದುಬುಡ್ತು” ಎಂದ ಆತ. ಕೈಗೆ ಪಟ್ಟಿ ಕಟ್ಟಿದ್ದ ಮೂರು ತಿಂಗಳಲ್ಲಿ ಗಾಡಿಯ ಯಜಮಾನರಿಗೆ ಬೇರೆ ಡ್ರೈವರು ಸಿಕ್ಕಿದ್ದ. ಆಮೇಲೆ ಕೂಲಿಯೇ. ಇದನ್ನು ಹೇಳುವಾಗ ಆತ ನನ್ನನ್ನು ನೋಡಲಿಲ್ಲ, ಮೊಮ್ಮಗನನ್ನೂ ನೋಡಲಿಲ್ಲ.

ಹೇಳಿದ್ದನ್ನು ಪರೀಕ್ಷಿಸಲು ಚಾಮರಾಜನಗರಕ್ಕೆ ಹೋದೆವು. ಒಂದು ಗ್ಯಾರೇಜಿನ ಹಿತ್ತಲಲ್ಲಿ ಹಳೆಯ ಜೀಪೊಂದು ನಿಂತಿತ್ತು. ಆತ ಬಂಪರಿನ ತೂತಿನೊಳಗೆ ಸಲಾಕೆ ತೂರಿಸಿ ಮೆಲ್ಲಗೆ ತಿರುಗಿಸಿದ. ಅಡ್ಡ ಪಿನ್ನು ಎಂಜಿನ್ನಿನ ಕಚ್ಚಿಗೆ ‘ಟಕ್’ ಎಂದು ಕೂತಿತು. ಮೆಕ್ಯಾನಿಕ್ಕು, “ಸರಿಯಾಗದ ತಾತ” ಎಂದ.

ಎಣ್ಣೆ ಬಟ್ಟೆಯಲ್ಲಿ ಒರೆಸಿ ಆತ ಸಲಾಕೆಯನ್ನು ಜೀಪಿನ ಸೀಟಿನಡಿ ಇಟ್ಟುಬಿಟ್ಟ. “ತಾತ, ನನ್ಗ ಸಿಕ್ದದು!” ಎಂದು ಹುಡುಗ ಮುಖ ಊದಿಸಿಕೊಂಡ. “ಗಾಡಿದು ಗಾಡಿಲೇ ಇರ್ಲಿ ಮಗ” ಎಂದಷ್ಟೇ ಉತ್ತರ.

ಮರುದಿನ ಬಿಡುವಿನ ಹೊತ್ತಿನಲ್ಲಿ ಅಂಗಳದಲ್ಲಿ ಗುಂಪು ಸೇರಿತ್ತು. ಹುಡುಗ ಪೊರಕೆಯ ಕೋಲು ಹಿಡಿದು ಗೆಳೆಯರಿಗೆ ಹೇಳಿಕೊಡುತ್ತಿದ್ದ: “ಹೆಬ್ಬಟ್ಟ ಈಚಗ ಮಡಿಕಬೇಕು. ನಮ್ ತಾತ ಹೇಳದು.”